ಉದ್ದ ಕಿವಿಯ ಪುಟ್ಟ ಸ್ಪ್ಯಾನಿಯಲ್: ಮನಿಗೆ ತರೋ ಮುಂಚೆ ಇಷ್ಟು ಕೇಳ್ಕೊಳ್ರಿ

ಪುಣೆ, ಬೆಂಗಳೂರಿನಲ್ಲಿ ಕೆಲಸ ಮಾಡೋ ನಮ್ಮ ಹಾರೂಗೇರಿ ಕಡೆಯ ಹುಡುಗ-ಹುಡುಗಿಯರ ಫೋನಿನಲ್ಲಿ ಈಗ ಒಂದು ಮುಖ ಭಾಳ ಓಡಾಡ್ತಿದೆ. ರೇಷ್ಮೆಯಂಥ ಉದ್ದ ಕಿವಿ, ದೊಡ್ಡ ಕಪ್ಪು ಕಣ್ಣು, ತೊಡೆ ಮೇಲೆ ಕೂತು ನಮ್ಮ ಮುಖವನ್ನೇ ನೋಡ್ತಿರೋ ಪುಟ್ಟ ನಾಯಿ. ಹೆಸರು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. ಅದು ಸಿಗದಿದ್ರೆ ಅದರ ಬಳಗದ್ದೇ ಆದ ಕಾಕರ್ ಸ್ಪ್ಯಾನಿಯಲ್. ರೀಲ್ಸ್ ನೋಡಿ ಮನಸ್ಸು ಕರಗಿದ ಮೇಲೆ ಬರೋ ಮಾತು ಒಂದೇ: “ಊರಾಗ ಅಪ್ಪ-ಅವ್ವ ಇಬ್ರೇ ಇರ್ತಾರ, ಅವರಿಗೂ ಒಂದು ಜೋಡಿ ಆಗ್ತದ.”

ಮಾತು ಒಳ್ಳೇದೇ. ಆದರೆ ತರೋರು ಮಕ್ಕಳು, ಸಾಕೋರು ಅಪ್ಪ-ಅವ್ವ ಅನ್ನೋ ಹಂಗಿದ್ರೆ ಬರೀ ಕಣ್ಣು, ಕಿವಿ ನೋಡಿ ನಾಯಿ ಆರಿಸಬಾರದು. ಸ್ಪ್ಯಾನಿಯಲ್ ನಮ್ಮಿಂದ ಕೇಳೋದು ಎರಡು. ದಿನವೆಲ್ಲ ಜತೆಗೊಬ್ಬ ಮನುಷ್ಯ ಬೇಕು. ಹತ್ತು-ಹನ್ನೆರಡು ವರ್ಷ ಅದರ ಹೃದಯ, ಕಿವಿಯ ಮೇಲೆ ಒಂದು ನಿಗಾ ಬೇಕು. ಇವೆರಡೂ ನಿಮ್ಮ ಮನ್ಯಾಗ ಇದ್ರೆ ಮುಂದೆ ಓದ್ರಿ. ಇಲ್ಲದಿದ್ರೂ ಓದ್ರಿ, ರೊಕ್ಕ ಉಳಿದೀತು, ಒಂದು ಜೀವದ ಸಂಕಟವೂ ತಪ್ಪೀತು.

ಜತೆಗಿರಲಿಕ್ಕೇ ಬೆಳೆಸಿದ ನಾಯಿ

ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ 1660ರಿಂದ 1685ರವರೆಗೆ ಆಳಿದ. ಅವನಿಗೆ ಪುಟ್ಟ ಸ್ಪ್ಯಾನಿಯಲ್‌ಗಳ ಹುಚ್ಚು, ಈ ತಳಿಗೆ ಅವನ ಹೆಸರೇ ಬಂತು. ಮುಂದೆ ಚಪ್ಪಟೆ ಮೂತಿಯ ನಾಯಿಗಳ ಫ್ಯಾಷನ್ ಶುರುವಾಗಿ, ಹಳೇ ಕಾಲದ ಉದ್ದ ಮೂತಿಯವು ಕಡಿಮೆಯಾದ್ವು. 1926ರಲ್ಲಿ ರೋಸ್ವೆಲ್ ಎಲ್ಡ್ರಿಜ್ ಅನ್ನೋ ಅಮೆರಿಕನ್, ಹಳೇ ಚಿತ್ರಗಳಲ್ಲಿ ಇದ್ದಂಥ ನಾಯಿ ತಂದವರಿಗೆ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ 25 ಪೌಂಡ್ ಬಹುಮಾನ ಇಟ್ಟ. ಅಲ್ಲಿಂದ ಮತ್ತೆ ತಳಿ ಬೆಳೀತು. 1945ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿ ಅಂತ ಒಪ್ಪಿಕೊಂಡಿತು.

ಹಂಗಾಗಿ ಇದು ಮನೆ ಕಾಯೋ ನಾಯಿ ಅಲ್ಲ. ಕಳ್ಳ ಬಂದ್ರೂ ಬಾಲ ಅಲ್ಲಾಡಿಸೀತು! ತೂಕ ಐದೂವರೆಯಿಂದ 8 ಕಿಲೋ, ಎತ್ತರ ಒಂದು ಅಡಿಯ ಆಸುಪಾಸು. ಮಕ್ಕಳ ಜತೆ, ವಯಸ್ಸಾದವರ ಜತೆ ಚಲೋ ಹೊಂದಿಕೊಳ್ತದೆ. ಆದರೆ ತೋಟದ ಮನೆಯಲ್ಲಿ ಸರಪಳಿ ಹಾಕಿ, ಎರಡು ಹೊತ್ತು ರೊಟ್ಟಿ ಹಾಕಿದ್ರೆ ಸಾಕು ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ. ದಿನವಿಡೀ ಒಂಟಿಯಾಗಿ ಬಿಟ್ರೆ ಬೊಗಳ್ತದೆ, ಕಾಲು ನೆಕ್ಕಿ ಹುಣ್ಣು ಮಾಡ್ಕೊಳ್ತದೆ, ಊಟ ಬಿಡ್ತದೆ. ಅದು ಹಟ ಅಲ್ಲ, ಭಯ.

ಕಾಕರ್ ಸ್ಪ್ಯಾನಿಯಲ್ ಸ್ವಲ್ಪ ಬೇರೆ. ಪೊದೆಯೊಳಗಿನ ಹಕ್ಕಿ ಎಬ್ಬಿಸಲಿಕ್ಕೆ ಬೆಳೆಸಿದ ಬೇಟೆ ನಾಯಿ. ಇಂಗ್ಲಿಷ್ ಕಾಕರ್ 12ರಿಂದ 15 ಕಿಲೋ ತೂಗ್ತದೆ, ದಿನಾ ತಾಸು ಹೊತ್ತು ಓಡಾಡಿಸಬೇಕು. ಅಪ್ಪನಿಗೆ ಮಂಡಿ ನೋವಿದ್ರೆ, ಹಗ್ಗ ಹಿಡಿದು ಅದರ ಹಿಂದೆ ಹೋಗೋರು ಯಾರು ಅಂತ ಮೊದಲೇ ಕೇಳ್ಕೊಳ್ರಿ.

ಮುದ್ದು ಮುಖದ ಹಿಂದಿನ ಹೃದಯ

ಕ್ಯಾವಲಿಯರ್ ವಿಷಯದಲ್ಲಿ ಮಾರೋರು ಹೇಳದ ಮಾತು ಒಂದಿದೆ. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಒಂದು ಬಾಗಿಲಿದೆ, ಅದೇ ಮೈಟ್ರಲ್ ವಾಲ್ವ್. ಈ ತಳಿಯಲ್ಲಿ ಆ ಬಾಗಿಲು ಬೇಗ ಸವೀತದೆ, ಸರಿಯಾಗಿ ಮುಚ್ಚೋದಿಲ್ಲ, ರಕ್ತ ಹಿಂದಕ್ಕೆ ಸೋರ್ತದೆ. ಡಾಕ್ಟರ್ ಸ್ಟೆತಸ್ಕೋಪ್ ಇಟ್ಟಾಗ ಕೇಳೋ ‘ಮರ್ಮರ್’ ಅಂದ್ರೆ ಅದೇ ಸೋರಿಕೆಯ ಸದ್ದು. ಐದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಕ್ಯಾವಲಿಯರ್‌ಗಳಲ್ಲಿ, ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲದರಲ್ಲೂ ಈ ಸದ್ದು ಕೇಳಿಸ್ತದೆ.

ಇನ್ನೊಂದು ತೊಂದರೆ ತಲೆಬುರುಡೆಯದು. ಮೆದುಳಿಗೆ ಜಾಗ ಸಾಲದೆ, ಬೆನ್ನುಹುರಿಯೊಳಗೆ ನೀರು ತುಂಬಿದ ಪೊಳ್ಳು ಆಗ್ತದೆ. ಸಿರಿಂಗೋಮೈಲಿಯಾ ಅಂತಾರೆ. ನಾಯಿ ನಡೀತಾ ನಡೀತಾ ನಿಂತು, ಕತ್ತಿನ ಹತ್ತಿರ ಗಾಳಿಯಲ್ಲೇ ಕೆರೆಯೋ ಹಂಗೆ ಕಾಲು ಆಡಿಸ್ತದೆ. ನೋಡೋರಿಗೆ ತಮಾಷೆ, ಅದಕ್ಕೆ ನೋವು.

ಯಾಕೆ ಹಿಂಗೆ? ಕೆಲವೇ ನಾಯಿಗಳಿಂದ ತಳಿ ಬೆಳೀತು, ಮುಂದೆಯೂ ಅದೇ ರಕ್ತದೊಳಗೆ ಮರಿ ಮಾಡಿಸ್ತಾ ಹೋದ್ರು. 2023ರ ಅಕ್ಟೋಬರ್‌ನಲ್ಲಿ ನಾರ್ವೆ ದೇಶದ ಸುಪ್ರೀಂ ಕೋರ್ಟ್, ಕ್ಯಾವಲಿಯರ್ ಮರಿ ಮಾಡಿಸೋದು ಅಲ್ಲಿನ ಪ್ರಾಣಿ ಕಲ್ಯಾಣ ಕಾಯ್ದೆಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಸಾಕೋದಕ್ಕೆ ಅಡ್ಡಿಯಿಲ್ಲ, ರೋಗ ಗೊತ್ತಿದ್ದೂ ಅದೇ ತಳಿಯೊಳಗೆ ಮರಿ ಹುಟ್ಟಿಸಬೇಡಿ ಅನ್ನೋದು ತೀರ್ಪಿನ ಸಾರ. ನಾವೂ 2022ರಲ್ಲಿ ‘777 ಚಾರ್ಲಿ’ ನೋಡಿ ಅತ್ತವರೇ. ಅಲ್ಲಿದ್ದದ್ದು ಲ್ಯಾಬ್ರಡಾರ್, ಆದರೆ ದುರಾಸೆಯ ಬ್ರೀಡಿಂಗ್‌ನ ಕತೆ ಬೇರೆಯಲ್ಲ.

ಮರಿ ಆರಿಸೋವಾಗ

ಮೊದಲು ತಾಯಿನಾಯಿಯನ್ನು ನೋಡ್ರಿ. ವಾಟ್ಸಾಪ್ ಫೋಟೊದಲ್ಲಲ್ಲ, ಕಣ್ಣಾರೆ. ಅದು ಅಂಜಿ ಮೂಲೆ ಹಿಡಿದಿದೆಯೋ, ಎದುರು ಬಂದು ಮೂಸ್ತದೋ ಅನ್ನೋದರಲ್ಲೇ ಅರ್ಧ ಉತ್ತರ ಇದೆ. “ತಾಯಿ ಬೇರೆ ಊರಾಗ ಅದ, ಹೆದ್ದಾರಿ ಹತ್ರ ಬರ್ರಿ, ಮರಿ ಕೊಡ್ತೀವಿ” ಅಂದ್ರೆ ಅಲ್ಲಿಗೇ ಮಾತು ಮುಗಿಸ್ರಿ.

ಎರಡನೇದು ಹೃದಯದ ಪ್ರಶ್ನೆ. ವಿದೇಶದ ಜವಾಬ್ದಾರಿಯುತ ಬ್ರೀಡರ್‌ಗಳು ಪಾಲಿಸೋ ನಿಯಮ ಹಿಂಗಿದೆ: ಮರಿ ಮಾಡಿಸೋ ನಾಯಿಗೆ ಎರಡೂವರೆ ವರ್ಷ ಆಗಿರಬೇಕು, ಆಗ ಅದರ ಹೃದಯದಲ್ಲಿ ಸದ್ದು ಇರಬಾರದು. ಅದರ ಅಪ್ಪ-ಅವ್ವನ ಹೃದಯ ಐದು ವರ್ಷದವರೆಗೂ ಸರಿ ಇರಬೇಕು. ನೀವು ಇದನ್ನು ಕೇಳಿದಾಗ ಬ್ರೀಡರ್ ಕಾಗದ ತೋರಿಸ್ತಾರೋ, ಸಿಟ್ಟಾಗ್ತಾರೋ ನೋಡ್ರಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ವಂಶ ಯಾವುದು ಅಂತ ಹೇಳ್ತದೆ, ಆರೋಗ್ಯ ಹೆಂಗಿದೆ ಅಂತ ಹೇಳೋದಿಲ್ಲ.

ಮೂರನೇದು ಕಾನೂನು. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. 8 ವಾರ ತುಂಬದ ಮರಿಯನ್ನು ಮಾರೋ ಹಂಗಿಲ್ಲ. “30 ದಿನದ ಮರಿ, ಈಗ ಒಯ್ದ್ರೆ ಬೇಗ ಹೊಂದಿಕೊಳ್ತದ” ಅನ್ನೋದು ವ್ಯಾಪಾರದ ಮಾತು. ತಾಯಿ, ಒಡಹುಟ್ಟಿದವರ ಜತೆ ಆ ಎಂಟು ವಾರ ಕಳೆದ ಮರಿ ಕಚ್ಚೋದರ ಮಿತಿ ಕಲೀತದೆ, ಅಂಜಿಕೆ ಕಡಿಮೆ ಇರ್ತದೆ.

ಒಂದು ಕಿವಿಮಾತು: ಮರಿಯೇ ಬೇಕು ಅಂತಿಲ್ಲ. ಯಾರೋ ಬೇರೆ ದೇಶಕ್ಕೆ ಹೊರಟು ಬಿಟ್ಟುಕೊಡೋ ಐದಾರು ವರ್ಷದ ಕಾಕರ್ ಸಿಕ್ಕರೆ, ವಯಸ್ಸಾದ ಅಪ್ಪ-ಅವ್ವನಿಗೆ ಅದೇ ಚಲೋ. ಹೊರಗೆ ಉಚ್ಚೆ ಹೊಯ್ಯೋ ರೂಢಿ ಆಗಿರ್ತದೆ, ಚಪ್ಪಲಿ ಕಡಿಯೋ ವಯಸ್ಸು ದಾಟಿರ್ತದೆ, ಹೃದಯದ ಸ್ಥಿತಿಯೂ ಪರೀಕ್ಷೆಯಲ್ಲಿ ಗೊತ್ತಾಗ್ತದೆ.

ನಮ್ಮ ಬಿಸಿಲು, ನಮ್ಮ ಅಡಿಗಿ ಮನಿ

ಏಪ್ರಿಲ್-ಮೇನಲ್ಲಿ ಕೃಷ್ಣಾ ತೀರದ ನಮ್ಮ ಕಡೆ ಬಿಸಿಲು 40 ಡಿಗ್ರಿ ಹತ್ತಿರ ಹೋಗ್ತದೆ. ಇಂಗ್ಲೆಂಡಿನ ಚಳಿಗೆ ಬೆಳೆದ ಕೂದಲಿಗೆ ಅದು ಕಷ್ಟ. ವಾಕಿಂಗ್ ಬೆಳಿಗ್ಗೆ ಏಳರ ಒಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ. ಡಾಂಬರು ರಸ್ತೆಗೆ ನಿಮ್ಮ ಅಂಗೈ ಹಿಂಭಾಗ ಐದು ಸೆಕೆಂಡ್ ಇಡ್ರಿ, ತಾಳದಿದ್ರೆ ಅದರ ಪಾದವೂ ತಾಳೋದಿಲ್ಲ. ಹಗಲು ಪತ್ರಾಸಿನ ಶೆಡ್ಡಿನಲ್ಲಿ ಕಟ್ಟಬಾರದು. ಪಡಸಾಲೆಯ ತಂಪು ನೆಲ, ಫ್ಯಾನು, ನೀರು ಬೇಕು. ಕರೆಂಟ್ ಹೋದ್ರೆ ಒದ್ದೆ ಗೋಣಿಚೀಲ ಹಾಸಿದ್ರೂ ನಡೀತದೆ. ವಿಪರೀತ ಏದುಸಿರು, ಜೊಲ್ಲು, ತೂರಾಟ ಕಂಡ್ರೆ ಮೈಮೇಲೆ ಸಾದಾ ನೀರು ಹಾಕಿ, ಗಾಳಿ ಬೀಸ್ತಾ ಕೂಡಲೇ ಡಾಕ್ಟರ್ ಹತ್ತಿರ ಒಯ್ರಿ.

ಅಡಿಗಿ ಮನಿಯಲ್ಲಿ ಎರಡು ಅಪಾಯ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೀತವೆ, ಒಗ್ಗರಣೆ ಹಾಕಿದ ಸಾರು-ಪಲ್ಯ ಬೇಡ. ಇನ್ನೊಂದು ದ್ರಾಕ್ಷಿ. ಪಕ್ಕದ ಅಥಣಿ ಕಡೆಯ ತೋಟದಿಂದ ಬಂದ ಒಣದ್ರಾಕ್ಷಿ ನಮ್ಮ ಮನೆಗಳಲ್ಲಿ ಡಬ್ಬಿಗಟ್ಟಲೆ ಇರ್ತದೆ. ಒಂದು ಹಿಡಿ ತಿಂದ್ರೂ ಸಣ್ಣ ನಾಯಿಯ ಕಿಡ್ನಿ ಕೆಡಬಹುದು. ಮೊಮ್ಮಕ್ಕಳಿಗೆ ಕೊಡೋ ಹಂಗೆ ಪ್ರೀತಿಯಿಂದ ಕೊಡೋ ಅಜ್ಜಿಗೆ ಇದನ್ನು ಮೊದಲೇ ತಿಳಿಸಿ ಹೇಳ್ರಿ. ಬೆಲ್ಲ, ಬಿಸ್ಕಿಟ್ಟು, ಚಹಾ ಕೂಡ ಬೇಡ. ತೂಕ ಹೆಚ್ಚಿದಷ್ಟೂ ಹೃದಯಕ್ಕೆ ಭಾರ. ಉಪ್ಪಿಲ್ಲದೆ ಬೇಯಿಸಿದ ಕೋಳಿ, ತತ್ತಿ, ಅನ್ನ, ಗಜ್ಜರಿ ಆಗಾಗ ನಡೀತದೆ. ದಿನನಿತ್ಯದ ಆಹಾರದ ಅಳತೆ ಡಾಕ್ಟರಿಂದ ಬರೆಸಿಕೊಳ್ರಿ. ಜ್ವರ ಅಂತ ನಮ್ಮ ಪ್ಯಾರಾಸಿಟಮಾಲ್ ಗುಳಿಗಿ ಕೊಡಲೇಬಾರದು.

ಕಿವಿ, ಕೂದಲು, ಉಣ್ಣಿ

ಜೋತುಬಿದ್ದ ಕಿವಿಯೊಳಗೆ ಗಾಳಿ ಆಡೋದಿಲ್ಲ, ಮಳೆಗಾಲದಲ್ಲಿ ಬೇಗ ಸೋಂಕು ಆಗ್ತದೆ. ವಾರಕ್ಕೊಮ್ಮೆ ಕಿವಿ ಎತ್ತಿ ಮೂಸಿ ನೋಡ್ರಿ. ಹುಳಿ ವಾಸನೆ, ಕಂದು ಗುಗ್ಗೆ, ತಲೆ ಝಾಡಿಸೋದು ಕಂಡ್ರೆ ಡಾಕ್ಟರಿಗೆ ತೋರಿಸ್ರಿ. ಅರಿಷಿಣ ನಮ್ಮ ರಾಯಬಾಗದ ಹೆಮ್ಮೆ ಖರೆ, ಆದರೆ ಅರಿಷಿಣ-ಎಣ್ಣೆ ಕಲಸಿ ಕಿವಿಯೊಳಗೆ ಬಿಡಬ್ಯಾಡ್ರಿ, ಕಡ್ಡಿಯನ್ನೂ ಹಾಕಬ್ಯಾಡ್ರಿ. ಜಳಕದ ನಂತರ ಕಿವಿ ಒಣಗಿಸೋದು ಮುಖ್ಯ.

ಎರಡು ದಿನಕ್ಕೊಮ್ಮೆ ಬಾಚಬೇಕು, ಇಲ್ಲದಿದ್ರೆ ಕಿವಿ ಹಿಂದೆ, ಕಂಕುಳಲ್ಲಿ ಕೂದಲು ಜಡೆಗಟ್ತದೆ. ಕಬ್ಬಿನ ಹೊಲದ ಬದುವಿನಲ್ಲಿ ಅಡ್ಡಾಡಿ ಬಂದಾಗ ಬೆರಳಿನ ಸಂದು, ಕಿವಿ ಹುಡುಕ್ರಿ. ಹುಲ್ಲಿನ ಮುಳ್ಳೂ ಇರ್ತದೆ, ಉಣ್ಣಿಯೂ ಇರ್ತದೆ. ಉಣ್ಣಿಯಿಂದ ಬರೋ ಜ್ವರದಲ್ಲಿ ನಾಯಿ ಮಂಕಾಗ್ತದೆ, ಒಸಡು ಬಿಳುಚ್ತದೆ, ಮೂಗಿನಿಂದ ರಕ್ತವೂ ಬರಬಹುದು. ದನದ ಕೊಟ್ಟಿಗೆ ಇರೋ ಮನೆಯಲ್ಲಿ ಉಣ್ಣಿ ಔಷಧ ತಪ್ಪಿಸಬಾರದು. ಆದರೆ ದನಕ್ಕೆ ಹಾಕೋ ಔಷಧವನ್ನು ನಾಯಿಗೆ ಅಂದಾಜಿನ ಮೇಲೆ ಬಳಸಬ್ಯಾಡ್ರಿ.

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರ್ನಾಲ್ಕು ವಾರಕ್ಕೊಮ್ಮೆ ಮುಂದಿನ ಡೋಸು. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರ್ ಹೇಳಿದ ಹಂಗೆ ವರ್ಷ ವರ್ಷ. ಆಟದಲ್ಲಿ ಮರಿಯ ಹಲ್ಲು ತಾಗಿ ಚರ್ಮ ಹರಿದ್ರೂ ಸಾಬೂನು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗ್ರಿ.

ಅವ್ವನಿಗೆ ಕಲಿಸಬಹುದಾದ ಒಂದು ಪರೀಕ್ಷೆ

ಹೃದಯದ ಸ್ಕ್ಯಾನ್‌ಗೆ ದೊಡ್ಡ ಊರಿಗೇ ಹೋಗಬೇಕು. ಆದರೆ ಮನ್ಯಾಗ ಮಾಡೋ ಪರೀಕ್ಷೆಗೆ ಗಡಿಯಾರ ಸಾಕು. ನಾಯಿ ಗಾಢ ನಿದ್ದೆಯಲ್ಲಿದ್ದಾಗ ಒಂದು ನಿಮಿಷ ಅದರ ಎದೆ ಎಷ್ಟು ಸಲ ಏರಿ ಇಳೀತದೆ ಅಂತ ಎಣಿಸ್ರಿ. ಸಾಮಾನ್ಯವಾಗಿ 30ರ ಒಳಗೇ ಇರ್ತದೆ. ದಿನ ಬಿಟ್ಟು ದಿನ ಎಣಿಸಿದಾಗಲೂ 30 ದಾಟ್ತಿದ್ರೆ, ಜತೆಗೆ ರಾತ್ರಿ ಕೆಮ್ಮು ಬಂದ್ರೆ, ಡಾಕ್ಟರಿಗೆ ತೋರಿಸೋಕೆ ತಡ ಮಾಡಬಾರದು. ಹೃದಯ ಸೋಲೋ ಮೊದಲೇ ಸರಿಯಾದ ಹಂತದಲ್ಲಿ ಔಷಧ ಶುರುವಾದ್ರೆ ಸಂಕಟದ ದಿನಗಳನ್ನು ಮುಂದೂಡಬಹುದು. ಎಣಿಸಿದ ಅಂಕಿಯನ್ನು ಅವ್ವ ಫೋನಿನಲ್ಲಿ ಹೇಳಿದ್ರೆ ನೀವು ಪುಣೆಯಲ್ಲಿ ಕೂತೇ ಬರೆದಿಡಬಹುದು. ಕ್ಯಾವಲಿಯರ್‌ಗೆ ಕೊರಳಪಟ್ಟಿಗಿಂತ ಎದೆಗೆ ಹಾಕೋ ಬೆಲ್ಟೇ ಒಳ್ಳೇದು. ತುರ್ತಿದ್ದಾಗ ಪಶು ಸಹಾಯವಾಣಿ 1962 ಅವರ ಫೋನಿನಲ್ಲಿ ಇರಲಿ.

ಬೇರೆ ನಾಯಿಗಳೂ ಇದಾವೆ

ಹಾರೂಗೇರಿಯಿಂದ ಮುಧೋಳ ಭಾಳ ದೂರವೇನಿಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಮುಧೋಳ ನಾಯಿಗೆ ಗಿಡ್ಡ ಕೂದಲು, ನಮ್ಮ ಬಿಸಿಲು ಅದಕ್ಕೆ ಹೊಸದಲ್ಲ. ಆದರೆ ಅದು ಓಡೋ ನಾಯಿ, ಬಯಲು ಬೇಕು. ಎರಡು ಕೋಣೆಯ ಮನೆಗೆ ಅದೂ ಸರಿಯಲ್ಲ. ಅಪ್ಪ-ಅವ್ವನಿಗೆ ಬೇಕಾಗಿರೋದು ಬರೀ ಜೋಡಿ ಆಗಿದ್ರೆ, ಓಣಿಯಲ್ಲಿ ಹುಟ್ಟಿದ ನಾಡತಳಿಯ ಹೆಣ್ಣುಮರಿಗೆ ಲಸಿಕೆ, ಸಂತಾನಹರಣ ಮಾಡಿಸಿ ಸಾಕ್ರಿ. ಅದಕ್ಕೆ ಹುಟ್ಟಿದೂರೇ ಇದು, ಮೂಸಿದ ಮಣ್ಣೂ ಇದೇ.

ಇಷ್ಟಾದ ಮೇಲೂ ಸ್ಪ್ಯಾನಿಯಲ್ಲೇ ಬೇಕು ಅನ್ನಿಸಿದ್ರೆ, ಅಡ್ವಾನ್ಸ್ ಕಳಿಸೋ ಮುಂಚೆ ಊರಿಗೆ ಒಂದು ಫೋನ್ ಮಾಡ್ರಿ. ಮುಂಜಾನೆ ಯಾರು ಅಡ್ಡಾಡಿಸ್ತಾರ? ಮದುವೆ, ಜಾತ್ರೆಗೆ ಹೋದಾಗ ಯಾರ ಮನ್ಯಾಗ ಬಿಡ್ತೀರಿ? ಮೂರು ವರ್ಷದ ನಂತರ ನಮ್ಮಿಂದ ಆಗೋದಿಲ್ಲ ಅಂತ ಅವ್ವ ಅಂದ್ರೆ, ನಿಮ್ಮ ಫ್ಲ್ಯಾಟಿಗೆ ಕರ್ಕೊಂಡು ಬರ್ತೀರಾ? ಮೂರಕ್ಕೂ ಹೆಸರು ಹಿಡಿದು ಉತ್ತರ ಬಂದ್ರೆ ಮರಿ ನೋಡಲಿಕ್ಕೆ ಹೊರಡ್ರಿ.