ರಜೆ ಕೊಳ್ಳುವ ಮುನ್ನ
ಕೃಷ್ಣಾ, ಮಕ್ತಲ್, ನಾರಾಯಣಪೇಟೆಯ ನಮ್ಮ ಕನ್ನಡ ಮನೆಗಳಲ್ಲಿ ಯಾರಾದರೂ ಡಿಸೆಂಬರ್ ಪ್ರವಾಸದ ಆಸೆಗೆ ಇನ್ನೊಬ್ಬರ ರೆಸಾರ್ಟ್ ಸದಸ್ಯತ್ವವನ್ನು ಮಧ್ಯವರ್ತಿಯಿಂದ ಕೊಳ್ಳಲು ಹೊರಟಿದ್ದರೆ, ಒಂದು ಗಳಿಗೆ ನಿಲ್ಲಿ. ಮೊದಲು ಮೂಲ ಕಂಪನಿಯನ್ನೇ ಕೇಳಿ: ವರ್ಗಾವಣೆಗೆ ಒಪ್ಪಿಗೆ ಇದೆಯೇ, ಎಷ್ಟು ವರ್ಷ ಉಳಿದಿದೆ, ವಾರ್ಷಿಕ ನಿರ್ವಹಣಾ ಶುಲ್ಕ ಬಾಕಿ ಇದೆಯೇ, ಕ್ರಿಸ್‌ಮಸ್ ವಾರದಲ್ಲಿ ಕೋಣೆ ಸಿಗುತ್ತದೆಯೇ? ಉತ್ತರ ಬರಹದಲ್ಲಿರಲಿ. ಮುಂಗಡಕ್ಕೆ ಅವಸರಪಡಿಸುವವರನ್ನು ನಂಬಬೇಡಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಷ್ಟಕ್ಕೂ ರಜೆಗೆ ರೆಸಾರ್ಟೇ ಬೇಕೆಂದಿಲ್ಲ; ಕ್ರಿಸ್‌ಮಸ್ ಸಡಗರ ನಮ್ಮ ತೆಲಂಗಾಣದಲ್ಲೇ ಇದೆ. ಬರಗಾಲದಲ್ಲಿ ಹಸಿದವರಿಗೆ ಕೆಲಸ, ಅನ್ನ ಕೊಟ್ಟು ಪಾದ್ರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಕಟ್ಟಿಸಿದ ಮೆದಕ್‌ನ ದೊಡ್ಡ ಚರ್ಚು 1924ರ ಡಿಸೆಂಬರ್ 25ರಂದು ಲೋಕಾರ್ಪಣೆಯಾಯಿತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ನಂಬಿಕೆ ಹೇಗೆ ಕಲ್ಲಾಗಿ ನಿಲ್ಲುತ್ತದೆಂದು ಅವರೂ ನೋಡಲಿ.