ಲೆಕ್ಕದ ಯಂತ್ರಕ್ಕೂ ತಪಾಸಣೆ ಬೇಡವೇ?

ಗಣಕಯಂತ್ರ ಕೊಳ್ಳುವಾಗ ನಮ್ಮ ವರ್ತಕ ಬಂಧುಗಳು ರ‍್ಯಾಮ್ ಎಷ್ಟು ಜಿಬಿ ಎಂದು ವಿಚಾರಿಸುತ್ತಾರೆ. ಅದು ಯಾವ ಬಗೆಯದೆಂದು ವಿಚಾರಿಸುವವರು ವಿರಳ. ಇಳಕಲ್ಲಿನ ಸೀರೆ, ಗ್ರಾನೈಟ್ ವಹಿವಾಟುಗಳ ಲೆಕ್ಕಪತ್ರಗಳೆಲ್ಲ ಯಂತ್ರವನ್ನೇ ನಂಬಿರುವ ಇಂದು ಈ ಪ್ರಶ್ನೆ ಅತ್ಯಗತ್ಯವೆಂಬುದು ನನ್ನ ಅಭಿಪ್ರಾಯ.

2003ರ ಮೇ 18ರಂದು ಬೆಲ್ಜಿಯಂನ ಸ್ಕಾರ್ಬೇಕ್‌ನಲ್ಲಿ ನಡೆದ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ 4,096 ಮತಗಳು ಹೆಚ್ಚಾಗಿ ದಾಖಲಾದವು. ಸಾಧ್ಯವೇ ಇಲ್ಲದ ಸಂಖ್ಯೆಯಾದ್ದರಿಂದ ತಪ್ಪು ಬಯಲಾಯಿತು. ಯಂತ್ರದ ಸ್ಮೃತಿಯಲ್ಲಿ ಒಂದೇ ಒಂದು ಬಿಟ್ ತಾನಾಗಿ ಬದಲಾದದ್ದೇ ಕಾರಣವಿರಬೇಕೆಂದು ತಜ್ಞರು ಊಹಿಸಿದರು.

ಇದನ್ನೇ ನಮ್ಮ ಅಡತಿ ಅಂಗಡಿಗೆ ಅನ್ವಯಿಸಿ ನೋಡೋಣ. ಮರೋಳದ ರೈತನಿಗೆ ಸಲ್ಲಬೇಕಾದ ತೊಗರಿಯ ಹಣ 38,400 ರೂಪಾಯಿ. ಅದೇ ಸ್ಥಾನದ ಬಿಟ್ ತಿರುಗಿದರೆ ಅದು 34,304 ಆಗುತ್ತದೆ. ಖರ್ಚು, ಜಮಾ ಎರಡೂ ಬದಿಗೆ ಇದೇ ಮೊತ್ತ ಏರಿದರೆ ತಾಳೆಪಟ್ಟಿ ಸರಿಯಾಗಿಯೇ ಇರುತ್ತದೆ. ಕಂಪನಿಗಳ ಲೆಕ್ಕದ ತಂತ್ರಾಂಶಕ್ಕೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ತಿದ್ದುಪಡಿ ದಾಖಲೆಯೂ ಇದನ್ನು ಹಿಡಿಯದು. ಏಕೆಂದರೆ ಇಲ್ಲಿ ತಿದ್ದಿದವರು ಯಾರೂ ಇಲ್ಲ. ಬ್ಯಾಕಪ್‌ನಲ್ಲಿಯೂ ತಪ್ಪು ಮೊತ್ತವೇ ಉಳಿಯುತ್ತದೆ.

ಸಾಮಾನ್ಯ ರ‍್ಯಾಮ್‌ನಲ್ಲಿ ಇಂತಹ ತಪ್ಪನ್ನು ಗುರುತಿಸುವ ಏರ್ಪಾಡಿಲ್ಲ. ಇಸಿಸಿ ರ‍್ಯಾಮ್ ಸಾಮಾನ್ಯವಾಗಿ ಪ್ರತಿ 64 ಬಿಟ್ ಮಾಹಿತಿಯೊಡನೆ 8 ತಪಾಸಣೆ ಬಿಟ್‌ಗಳನ್ನು ಇರಿಸುತ್ತದೆ. ಹಿಂದಿನ ಗುಮಾಸ್ತರು ಅಡ್ಡಸಾಲು, ಉದ್ದಸಾಲು ಎರಡನ್ನೂ ಕೂಡಿ ತಪ್ಪಿದ ಅಂಕಿಯನ್ನು ಹುಡುಕುತ್ತಿದ್ದ ಬಗೆಯೇ ಇದು. ಒಂದು ಬಿಟ್ ತಪ್ಪಿದರೆ ಅದು ತಿದ್ದಲ್ಪಡುತ್ತದೆ. ಎರಡು ತಪ್ಪಿದರೆ ತಿದ್ದಲಾಗದಿದ್ದರೂ ಎಚ್ಚರಿಕೆ ದೊರೆಯುತ್ತದೆ. 1950ರಲ್ಲಿ ರಿಚರ್ಡ್ ಹ್ಯಾಮಿಂಗ್ ಪ್ರಕಟಿಸಿದ ಗಣಿತ ಇದಕ್ಕೆ ತಳಹದಿ.

ಇದು ಅತಿಯಾದ ಭಯವೆಂದು ಕೆಲವರು ಹೇಳಬಹುದು. ಆದರೆ ಗೂಗಲ್ ಸಂಸ್ಥೆಯ ಸರ್ವರ್‌ಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಶೇ. 8ಕ್ಕಿಂತ ಹೆಚ್ಚು ರ‍್ಯಾಮ್ ಫಲಕಗಳಲ್ಲಿ ದೋಷ ಕಂಡುಬಂದಿತ್ತು.

ಹಾಗೆಂದು ಪ್ರತಿ ಮೇಜಿಗೂ ಇಸಿಸಿ ಬೇಕಿಲ್ಲ. ಪತ್ರ ಬರೆಯುವ ಯಂತ್ರಕ್ಕೆ ಸಾಮಾನ್ಯ ರ‍್ಯಾಮ್ ಸಾಕು. ಆದರೆ ಇಡೀ ಸಂಸ್ಥೆಯ ಖಾತೆಗಳನ್ನು ಹೊತ್ತಿರುವ ಸರ್ವರ್‌ಗೆ ಇಸಿಸಿ ಇರಲೇಬೇಕು. ಖರೀದಿಗೆ ಮುನ್ನ ಪ್ರೊಸೆಸರ್, ಮದರ್‌ಬೋರ್ಡ್ ಎರಡೂ ಅದಕ್ಕೆ ಹೊಂದುತ್ತವೆಯೇ ಎಂದು ಲಿಖಿತವಾಗಿ ಕೇಳಿ ಪಡೆಯಿರಿ. ಡಿಡಿಆರ್-5 ಚಿಪ್‌ಗಳ ಒಳಗೇ ಇರುವ ತಿದ್ದುಪಡಿಯನ್ನು ಪೂರ್ಣ ಇಸಿಸಿ ಎಂದು ಮಾರಾಟಗಾರರು ಹೇಳಿದರೆ ಒಪ್ಪಬೇಡಿ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಅದು ರಕ್ಷಣೆ ನೀಡದು.

ಬೆಲೆ ತುಸು ಹೆಚ್ಚು, ನಿಜ. ಆದರೆ ಲೆಕ್ಕ ತಪ್ಪಿದರೆ ಸಹಿ ಮಾಡಿದ ಮಾಲೀಕರೇ ಉತ್ತರ ಕೊಡಬೇಕಾಗುತ್ತದೆ, ಯಂತ್ರವಲ್ಲ. ಸದಸ್ಯರು ಮುಂದಿನ ಖರೀದಿಯಲ್ಲಿ ಇದನ್ನು ಗಮನಿಸಬೇಕೆಂದು ವಿನಂತಿ.