ಅಲ್ಲೇ ಕೂತು ಬರೆಯಬೇಕು

ಕಳೆದ ತಿಂಗಳು ಬಳಗದ ಸಭೆ ಮುಗಿದ ಮೇಲೆ ಗೆಳೆಯರೊಬ್ಬರು ನನ್ನ ಚಿತ್ರದ ಪುಸ್ತಕ ತಿರುವಿ ಹಾಕುತ್ತ ಒಂದು ಮಾತು ಹೇಳಿದರು. "ಇಷ್ಟೊಂದು ತ್ರಾಸು ಯಾಕೆ? ಮೊಬೈಲಿನಲ್ಲಿ ಒಂದು ಫೋಟೋ ಹೊಡ್ಕೊಂಡು ಬಂದು, ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಬರೆದರೆ ಇದಕ್ಕಿಂತ ಚೆನ್ನಾಗಿ ಬರ್ತದಲ್ಲ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ಉತ್ತರ ಹೊಳೆಯಲಿಲ್ಲ. ನನಗೆ ಉತ್ತರ ಹೊಳೆಯುವುದು ಯಾವಾಗಲೂ ಲೋಕಲ್ ಗಾಡಿ ಹತ್ತಿದ ಮೇಲೆಯೇ. ಆದ್ದರಿಂದ ಈಗ ಇಲ್ಲಿ ಬರೆಯುತ್ತಿದ್ದೇನೆ, ಆ ಗೆಳೆಯರು ಬೇಸರ ಮಾಡಿಕೊಳ್ಳಬಾರದು.

ಮೊದಲೇ ಹೇಳಿಬಿಡುತ್ತೇನೆ, ನಾನು ಕಲಾವಿದೆ ಅಲ್ಲ. ಟಿ.ವೈ.ಬಿ.ಕಾಂ. ಓದುವವಳು. ಮನೆಯಲ್ಲಿ ತುಳು, ಹತ್ತನೆಯವರೆಗೆ ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು – ಡೊಂಬಿವಲಿಯ ನಮ್ಮಂಥವರ ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ಚಿತ್ರ ಬರೆಯಲು ಶುರು ಮಾಡಿ ಒಂದೂವರೆ ವರ್ಷ ಆಯಿತು. ಊರಿನ ಬೀದಿ, ಕಟ್ಟಡ, ಜನರನ್ನು ಆ ಜಾಗದಲ್ಲೇ ಕೂತು ನೋಡಿ ಬರೆಯುವುದಕ್ಕೆ ಈಗ ಅರ್ಬನ್ ಸ್ಕೆಚಿಂಗ್ ಅನ್ನುತ್ತಾರೆ. ಅಮೆರಿಕದ ಸಿಯಾಟಲ್ ನಗರದ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಾಂಪನಾರಿಯೊ 2007ರಲ್ಲಿ ಈ ಹೆಸರಿನಲ್ಲಿ ಒಂದು ಕೂಟ ಕಟ್ಟಿದರು. ಅದು ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ, ಮುಂಬಯಿಯಲ್ಲೂ ಇದೆ. ಅವರ ಮುಖ್ಯ ನಿಯಮ ಒಂದೇ: ಕಣ್ಣಾರೆ ನೋಡುತ್ತ, ಸ್ಥಳದಲ್ಲೇ ಬರೆಯಬೇಕು. ಹೆಸರು ಹೊಸದಿರಬಹುದು, ಕೆಲಸ ಹಳೆಯದು.

ನಾನು ಮೊದಲು ಬರೆದದ್ದು ಅಕೌಂಟ್ಸಿನ ಜರ್ನಲ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ. ಡೆಬಿಟ್ಟು ಕ್ರೆಡಿಟ್ಟಿನ ಗೀಟುಗಳು ಅಡ್ಡ ಬರುತ್ತಿದ್ದವು. ಆದರೆ ಆ ಗೀಟುಗಳೇ ನನಗೆ ಒಂದು ಪಾಠ ಕಲಿಸಿದವು. ಡೊಂಬಿವಲಿ ಸ್ಟೇಷನ್ನಿನ ಪಾದಚಾರಿ ಸೇತುವೆಯ ಮೆಟ್ಟಿಲ ಬುಡದಲ್ಲಿ ಕೂತು ಎದುರಿನ ಅಂಗಡಿ ಸಾಲು ಬರೆದರೆ, ಏನು ಮಾಡಿದರೂ ಅಂಗಡಿಗಳು ಉರುಳಿ ಬೀಳುವ ಹಾಗೆ ಕಾಣುತ್ತಿದ್ದವು. ಒಂದು ದಿನ ಹಾಳೆಯ ಒಂದು ಗೀಟನ್ನೇ ನನ್ನ ಕಣ್ಣಿನ ಮಟ್ಟ ಅಂತ ಹಿಡಿದೆ. ಅದಕ್ಕಿಂತ ಮೇಲಿರುವ ಬೋರ್ಡು, ಸೂರು, ತಂತಿಗಳೆಲ್ಲ ದೂರ ಹೋದ ಹಾಗೆ ಕೆಳಕ್ಕಿಳಿದು ಆ ಗೀಟಿನ ಕಡೆ ಬರುತ್ತವೆ. ಕೆಳಗಿರುವ ಕಟ್ಟೆ, ರಸ್ತೆಯ ಅಂಚು ಮೇಲಕ್ಕೇರಿ ಅದೇ ಗೀಟಿನ ಕಡೆ ಹೋಗುತ್ತವೆ. ಸೇತುವೆಯ ಮೇಲೆ ಹತ್ತಿ ನಿಂತರೆ ಕಣ್ಣಿನ ಮಟ್ಟವೂ ನನ್ನ ಜೊತೆಗೇ ಮೇಲೆ ಹತ್ತಿರುತ್ತದೆ, ಅಷ್ಟು ಹೊತ್ತು ಸೂರನ್ನು ಕೆಳಗಿನಿಂದ ನೋಡಿದವಳಿಗೆ ಈಗ ಸೂರಿನ ಬೆನ್ನು ಕಾಣುತ್ತದೆ. ಯಾವ ಪುಸ್ತಕದಲ್ಲಿ ಓದಿದ್ದರೂ ಇದು ನನ್ನ ತಲೆಗೆ ಹೋಗುತ್ತಿರಲಿಲ್ಲ. ಹತ್ತಿ ಇಳಿದು ಕಾಲು ನೋಯಿಸಿಕೊಂಡ ಮೇಲೆ ಹೋಯಿತು.

ಜನರನ್ನು ಬರೆಯುವುದು ಇನ್ನೂ ಬರುವುದಿಲ್ಲ. ದೀಪಾವಳಿಯ ಬೆಳಿಗ್ಗೆ ಫಡ್ಕೆ ರೋಡಿನಲ್ಲಿ ಹೊಸ ಬಟ್ಟೆ ತೊಟ್ಟು ಇಡೀ ಡೊಂಬಿವಲಿಯ ಹುಡುಗ ಹುಡುಗಿಯರು ಸೇರುತ್ತಾರಲ್ಲ, ಅಲ್ಲಿ ಒಂದು ಗಂಟೆ ನಿಂತು ನನಗೆ ಸಿಕ್ಕಿದ್ದು ಬರೀ ತಲೆಗಳು, ಒಂದಿಷ್ಟು ಕಾಲುಗಳು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಕೆ.ಕೆ. ಹೆಬ್ಬಾರರು ಲಯ ತಿಳಿಯಲೆಂದು ಕಥಕ್ ನೃತ್ಯವನ್ನೇ ಕಲಿತರಂತೆ. ನಾಲ್ಕೈದು ಗೆರೆಯಲ್ಲಿ ಕುಣಿಯುವವರನ್ನು ನಿಲ್ಲಿಸಿಬಿಡುವ ಅವರ ರೇಖಾಚಿತ್ರ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಅವರೇನೋ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು. ಮೈಸೂರಿನ ಆರ್.ಕೆ. ಲಕ್ಷ್ಮಣರಿಗೆ ಅದೇ ಜೆ.ಜೆ. ಪ್ರವೇಶ ಕೊಡಲಿಲ್ಲ ಎಂಬುದು ನನ್ನಂಥವರಿಗೆ ಸಮಾಧಾನದ ಮಾತು.

ಈಗ ಫೋಟೋದ ವಿಷಯ. ನಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಕಾಗದವನ್ನೂ ಬರೆಯುತ್ತೇವೆ. ಫೋಟೋವನ್ನು ತೆಗೆಯುತ್ತೇವೆ, ಇಲ್ಲ ಹೊಡೆಯುತ್ತೇವೆ. ನಮ್ಮ ನೆರೆಯ ಮರಾಠಿಯವರಿಗೆ ಎರಡಕ್ಕೂ ಒಂದೇ ಮಾತು: ಚಿತ್ರವನ್ನೂ 'ಕಾಢತಾತ್', ಫೋಟೋವನ್ನೂ 'ಕಾಢತಾತ್'. ಇದರಿಂದ ಯಾವ ಭಾಷೆ ಹೆಚ್ಚು ಅಂತ ನಾನು ಹೇಳ ಹೊರಟಿಲ್ಲ, ಜಗಳಕ್ಕೆ ಬರಬೇಡಿ. ಆದರೆ ಚಿತ್ರ 'ಬರೆಯುವುದು' ಅಂದ ಮೇಲೆ ಅಲ್ಲಿ ಏನೋ ತಿಳಿದುಕೊಂಡು ಬರೆಯಬೇಕು ಅಂತ ನನಗನಿಸುತ್ತದೆ. ಮೊಬೈಲು ಒಂದು ಕ್ಷಣದಲ್ಲಿ ಎಲ್ಲವನ್ನೂ ತೆಗೆದುಕೊಂಡು ಬರುತ್ತದೆ. ನೆರಳೊಳಗೆ ಕೂತ ಮನುಷ್ಯ ಮಾತ್ರ ಅದರಲ್ಲಿ ಎಷ್ಟೋ ಸಲ ಕಪ್ಪು ಮಸಿ. ಹತ್ತು ನಿಮಿಷ ನೋಡಿದ ಕಣ್ಣಿಗೆ ಅದೇ ನೆರಳಿನಲ್ಲಿ ಅವನ ಚಪ್ಪಲಿಯ ಹರಿದ ಬಾರೂ ಕಾಣುತ್ತದೆ. ಠಾಣೆಯ ಮಾಸುಂದಾ ತಲಾವಿನ ಹತ್ತಿರ ನಾನು ಬರೆಯುತ್ತಿದ್ದಾಗ ಹೂ ಮಾರುವ ಆಜಿಯೊಬ್ಬಳು ಬಂದು ಬಗ್ಗಿ ನೋಡಿ "ಮಾಝಿ ಛತ್ರೀ ಕುಠೆ?" ಅಂತ ಕೇಳಿದಳು. ಅವಳನ್ನು ಬರೆದಿದ್ದೆ, ಬುಟ್ಟಿ ಬರೆದಿದ್ದೆ, ತಲೆಯ ಮೇಲಿನ ಛತ್ರಿ ಬಿಟ್ಟೇಬಿಟ್ಟಿದ್ದೆ. ಫ್ಯಾನಿನ ಕೆಳಗೆ ಕೂತಿದ್ದರೆ ನನ್ನನ್ನು ಯಾರು ಕೇಳುತ್ತಿದ್ದರು?

ಇನ್ನೊಂದು ಕಾರಣ ಇದೆ. ಗಂಡು ಗೆಳೆಯರಿಗೆ ಇದು ಸುಲಭಕ್ಕೆ ತಿಳಿಯಲಿಕ್ಕಿಲ್ಲ. ನಮ್ಮ ಊರಲ್ಲಿ ಹುಡುಗಿ ನಡೆಯಬಹುದು, ಓಡಬಹುದು, 8-20ರ ಗಾಡಿಗೆ ಜೋತು ಬೀಳಲೂಬಹುದು. ಸುಮ್ಮನೆ ಕೂರುವ ಹಾಗಿಲ್ಲ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಸೇರಿ ಬರೆದ 'ವೈ ಲಾಯ್ಟರ್?' ಅನ್ನುವ ಪುಸ್ತಕ 2011ರಲ್ಲಿ ಬಂತು. ಮುಂಬಯಿಯ ಹೆಣ್ಣು ಹೊರಗೆ ಕಾಣಿಸಿಕೊಂಡರೆ ಏನೋ ಕೆಲಸದ ಮೇಲೆ ಬಂದಿದ್ದಾಳೆ ಅಂತ ತೋರಿಸಿಕೊಳ್ಳಲೇಬೇಕಾಗುತ್ತದೆ ಎಂದು ಅದರಲ್ಲಿ ಹೇಳುತ್ತಾರೆ. ನನ್ನ ಅಮ್ಮ ಆ ಪುಸ್ತಕ ಓದಿಲ್ಲ, ಆದರೆ ಅದೇ ಮಾತನ್ನು ಇನ್ನೊಂದು ಕಡೆಯಿಂದ ಹೇಳುತ್ತಾಳೆ: "ರಸ್ತೆಯಲ್ಲಿ ಕೂತು ಬರೀಲಿಕ್ಕೆ ಎಂತದುಂಟು? ನೋಡಿದವರು ಎಂತ ಹೇಳಿಯಾರು?" ನಿಜ ಹೇಳಬೇಕೆಂದರೆ ಮೊದಲ ದಿನಗಳಲ್ಲಿ ಪುಸ್ತಕ ನನಗೆ ಒಂದು ನೆಪವಾಗಿತ್ತು. ಅದು ತೊಡೆಯ ಮೇಲಿದ್ದರೆ ಒಂದು ಗಂಟೆ ಕೂರಬಹುದು. ಕೆಲಸ ಇದೆಯಲ್ಲ! ಹಾಗಂತ ಯಾವಾಗಲೂ ನಡೆಯುತ್ತದೆ ಅಂತಲ್ಲ. ನಮ್ಮ ಲೈನಿನ ಒಂದು ಸ್ಟೇಷನ್ನಿನಲ್ಲಿ ಒಬ್ಬ ಸಾಹೇಬರು ಬಂದು, ಏನು ನಕ್ಷೆ ತೆಗೆಯುತ್ತಿದ್ದೀ, ಯಾರು ಕಳಿಸಿದ್ದು ಅಂತ ಗದರಿಸಿದರು. ಸುತ್ತ ನೂರು ಜನ ಮೊಬೈಲು ಎತ್ತಿ ಹಿಡಿದಿದ್ದರು, ಅವರನ್ನು ಯಾರೂ ಕೇಳಲಿಲ್ಲ. ಪುಸ್ತಕ ಮುಚ್ಚಿ ಎದ್ದುಬಂದೆ. ಮನೆಯಲ್ಲಿ ಹೇಳಲಿಲ್ಲ. ಇದು ಅಚ್ಚಾದ ಮೇಲೆ ಗೊತ್ತಾಗುತ್ತದೆ, ಆಗಲಿ.

ಚಿತ್ರ ಬರೆಯುವ ನಮ್ಮವರ ಮೇಲೂ ನನ್ನದೊಂದು ತಕರಾರು. ಭಾನುವಾರ ಬಂತೆಂದರೆ ಎಲ್ಲರೂ ಗಾಡಿ ಹಿಡಿದು ಫೋರ್ಟಿಗೆ ಓಡುತ್ತಾರೆ. 1888ರ ವಿ.ಟಿ. ಸ್ಟೇಷನ್ ಕಟ್ಟಡವನ್ನು ಎಷ್ಟು ಜನ ಬರೆದಿದ್ದಾರೋ ಲೆಕ್ಕವಿಲ್ಲ. ನಾನೂ ಬರೆದೆ, ಕಿಟಕಿ ಎಣಿಸಿ ಸೋತೆ. ಆದರೆ ಕಲ್ಯಾಣದ ಪತ್ರಿ ಪುಲ್? 1914ರ ಸೇತುವೆ, ನೂರು ವರ್ಷ ದಾಟಿತ್ತು, 2018ರ ನವೆಂಬರಿನಲ್ಲಿ ಕಿತ್ತು ಹಾಕಿದರು. ಹೊಸದು 2021ರ ಜನವರಿಯಲ್ಲಿ ತೆರೆಯಿತು. ನಡುವಿನ ಎರಡು ವರ್ಷ ಟ್ರಾಫಿಕ್ಕಿನಲ್ಲಿ ನಾವು ಬೈದುಕೊಂಡದ್ದೇ ಬಂತು. ಹಳೆಯ ಸೇತುವೆಯ ಮೇಲೆ ನಾನು ಎಷ್ಟೋ ಸಲ ಹೋಗಿದ್ದೇನೆ. ಈಗ ಬರೆಯೋಣ ಅಂದರೆ ಅದರ ಕಂಬಿಗಳು ಹೇಗಿದ್ದವು ಎಂದು ನೆನಪಿಗೇ ಬರುವುದಿಲ್ಲ.

ನವಿ ಮುಂಬಯಿಗೂ ಹೋಗಿ ನೋಡಿ. ಠಾಣೆಯಲ್ಲಿ ಪನವೇಲ್ ಗಾಡಿ ಹತ್ತಿದರೆ ಬೇಲಾಪುರ. ಸಿಡ್ಕೋ 1970ರಲ್ಲಿ ಹುಟ್ಟಿ ಕಟ್ಟಿಸಿದ ಊರು ಎಂದರೆ ಬರೀ ಕಾಂಕ್ರೀಟು ಎಂದು ನಾನು ತಿಳಿದಿದ್ದೆ. ಅಲ್ಲಿನ ಆರ್ಟಿಸ್ಟ್ಸ್ ವಿಲೇಜಿನ ಮನೆಗಳನ್ನು 1980ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ರೂಪಿಸಿದರು. ಏಳು ಮನೆಗಳಿಗೆ ನಡುವೆ ಒಂದು ಅಂಗಳ, ಒಂದು ಮನೆಯ ಗೋಡೆ ಇನ್ನೊಂದಕ್ಕೆ ತಾಗುವುದಿಲ್ಲ. ದುಡ್ಡು ಬಂದ ಹಾಗೆ ಇದ್ದವರೇ ತಮ್ಮ ಮನೆ ಬೆಳೆಸಿಕೊಳ್ಳಲಿ ಎಂಬುದು ಅವರ ಲೆಕ್ಕ. ಬೆಳೆಸಿಕೊಂಡಿದ್ದಾರೆ! ಒಂದರ ಮೇಲೆ ಹೆಂಚಿನ ಮಾಡು ಉಳಿದಿದ್ದರೆ ಪಕ್ಕದ್ದು ಮೂರು ಅಂತಸ್ತು, ಗ್ರಾನೈಟು. ಅಲ್ಲಿ ಒಂದು ಅಂಗಳದ ಅಂಚಿನಲ್ಲಿ ಕೂತಾಗ ಕಾರ್ಕಳದ ನಮ್ಮ ಅಜ್ಜಿಮನೆಯ ಅಂಗಳ ನೆನಪಾಯಿತು. ಒಬ್ಬ ಅಮ್ಮ ಒಳಗಿಂದ ನೀರು ತಂದುಕೊಟ್ಟರು, ಯಾಕೆ ಬಂದಿ ಅಂತ ಕೇಳಲಿಲ್ಲ. ಅಂದು ಬರೆದ ಚಿತ್ರವೇ ನನ್ನ ಪುಸ್ತಕದಲ್ಲಿ ಸ್ವಲ್ಪ ಮರ್ಯಾದೆಯಾಗಿ ಬಂದಿರುವುದು.

ಈಗ ನಾನು ಬರೆಯುತ್ತಿರುವುದು ಅಪ್ಪ ಗಲ್ಲಾದಲ್ಲಿ ಕೂರುವ ಹೋಟೆಲನ್ನು. ಕಲ್ಯಾಣದಲ್ಲಿದೆ, ಹೆಸರು ಬೇಡ. ಕಟ್ಟಡ ಹಳೆಯದಾಗಿ ರಿಡೆವಲಪ್‌ಮೆಂಟಿಗೆ ಹೋಗಿದೆ, ಇನ್ನು ಕೆಲವೇ ತಿಂಗಳಲ್ಲಿ ಹೋಟೆಲು ಖಾಲಿ ಮಾಡಬೇಕು. ಹೊಸ ಕಟ್ಟಡದಲ್ಲಿ ಧನಿಗಳು ಹೋಟೆಲ್ ಹಾಕುತ್ತಾರೋ, ಬಾಡಿಗೆಗೆ ಕೊಡುತ್ತಾರೋ ಯಾರಿಗೂ ತಿಳಿಯದು. ನಮ್ಮ ಅಕೌಂಟ್ಸಿನಲ್ಲಿ ಸವಕಳಿ ಅಂತ ಒಂದು ಪಾಠ ಇದೆ, ವರ್ಷಕ್ಕೆ ಇಷ್ಟು ಅಂತ ಕಳೆಯುತ್ತ ಹೋಗಿ ಮೇಜು ಕುರ್ಚಿಯ ಬೆಲೆಯನ್ನು ಸೊನ್ನೆಗೆ ತರುವುದು. ಆ ಪದ್ಧತಿಯ ಹೆಸರೇ ಸರಳ ರೇಖೆ! ಅದರಲ್ಲಿ ನನಗೆ ಒಳ್ಳೆಯ ಮಾರ್ಕು ಬಂದಿತ್ತು.

ಮೂರು ಭಾನುವಾರ ಮೂಲೆಯ ಮೇಜಿನಲ್ಲಿ ಕೂತು ಬರೆದೆ. ಗಲ್ಲಾ, ಅದರ ಮೇಲಿನ ಸೋಂಪಿನ ತಟ್ಟೆ, ಹಿಂದೆ ದೇವರ ಫೋಟೋ, ದಾರದ ಮಾಲೆ, ಬದಿಯಲ್ಲಿ ಕ್ಯಾಲೆಂಡರು. ಅಪ್ಪ ಅಷ್ಟು ದಿನ ಏನೂ ಹೇಳಿರಲಿಲ್ಲ. ಮೂರನೆಯ ವಾರ ಗಿರಾಕಿ ಕಡಿಮೆ ಇದ್ದಾಗ ಕನ್ನಡಕ ಏರಿಸಿ ನೋಡಿದರು. ತುಂಬಾ ಹೊತ್ತು ನೋಡಿ, "ಗಲ್ಲಾದ ಎಡಗಾಲಿನ ಕೆಳಗೆ ಕಾಗದ ಮಡಚಿ ಇಟ್ಟದ್ದುಂಟು. ಅದಿಲ್ಲದಿದ್ದರೆ ಅಲ್ಲಾಡ್ತದೆ. ನೀನು ಬಿಟ್ಟಿದ್ದಿ" ಅಂದರು. ಬಗ್ಗಿ ನೋಡಿದೆ. ಇತ್ತು. ಕಪ್ಪಾಗಿ, ಗಟ್ಟಿಯಾಗಿ, ಮರದ ಚೂರಿನ ಹಾಗಾಗಿತ್ತು. ಹುಟ್ಟಿದಾಗಿನಿಂದ ಆ ಹೋಟೆಲಿಗೆ ಹೋಗುತ್ತಿದ್ದೇನೆ, ನೋಡಿರಲಿಲ್ಲ.

ಅದನ್ನು ಬರೆದು ಸೇರಿಸಿದೆ. ಉಗುರಿನಷ್ಟು ಜಾಗ. ಮುಂದಿನ ವಾರ ಅಡುಗೆಕೋಣೆ ಬರೆಯಬೇಕು ಅಂತಿದ್ದೇನೆ. ಭಟ್ಟರು ಒಳಗೆ ಬಿಡುತ್ತಾರೋ ಇಲ್ಲವೋ, ಅಪ್ಪನ ಹತ್ತಿರ ಕೇಳಿಸಬೇಕು.